ಕೊನೀ ಪ್ಯಾರಾ ತಪ್ಪದ ಓದ್ರಿ

ಧಾರವಾಡದಲ್ಲಿ ವಿದ್ವಾಂಸ ಅನ್ನಿಸಿಕೊಳ್ಳುವುದು ಸುಲಭದ ಮಾತಲ್ಲ. ಇಲ್ಲಿ ಕಟಿಂಗ್ ಅಂಗಡಿಯಲ್ಲಿ ಸರದಿಗೆ ಕೂತವರು ನಿನ್ನೆಯ ಗಾಯನದ ವಿಮರ್ಶೆ ಮಾಡುತ್ತಾರೆ, ಗಿರಣಿಯಲ್ಲಿ ಜೋಳ ಬೀಸಿಸಲು ನಿಂತವರು ಉಪನ್ಯಾಸಕಾರರ ತಪ್ಪು ಹೆಕ್ಕುತ್ತಾರೆ. ಇಂಥ ಊರಿನಲ್ಲಿ ಯಜ್ಞೇಶ್ವರರಾಯರು ಒಂದು ಪುಸ್ತಕ ಬರೆಯದೆ, ಒಂದು ಭಾಷಣ ಮಾಡದೆ, ನಿಜ ಹೇಳಬೇಕೆಂದರೆ ಒಂದು ಪುಟವನ್ನೂ ಓದದೆ ವಿದ್ವಾಂಸರಾದರು. ಇದೇನು ದೊಡ್ಡ ಸಾಧನೆ ಅನ್ನುವವರು ಮಾಡಿ ತೋರಿಸಲಿ.

ರಾಯರು ಒಂದು ಸಹಕಾರಿ ಸಂಘದ ಕಚೇರಿಯಲ್ಲಿ ಅಧೀಕ್ಷಕರಾಗಿದ್ದು ನಿವೃತ್ತರಾದವರು. ಮಾವನವರಿಗೆ ಹೊತ್ತು ಹೋಗಲಿ ಎಂದು ಪುಣೆಯ ಅಳಿಯ ಆಶಿಷ್ ಎಂಬವನು ಅವರ ಇಮೇಲಿಗೆ ಒಂದು ಇಂಗ್ಲಿಷ್ ವಾರಪತ್ರ ಬರುವಂತೆ ಮಾಡಿಕೊಟ್ಟಿದ್ದ. ಯಾರೋ ಪುಣ್ಯಾತ್ಮ ಜಗತ್ತಿನ ಪತ್ರಿಕೆಗಳನ್ನೆಲ್ಲ ಜಾಲಾಡಿ, ಸಂಸ್ಕೃತಿ, ರಾಜಕೀಯ, ವಿಜ್ಞಾನ, ಸಂಗೀತದ ಮೇಲಿನ ಒಳ್ಳೊಳ್ಳೆಯ ಲೇಖನಗಳ ಲಿಂಕುಗಳನ್ನು ಕಂತೆ ಕಟ್ಟಿ ಅದರಲ್ಲಿ ಕಳಿಸುತ್ತಿದ್ದ. ರಾಯರು ಆ ಕಂತೆ ಬಿಚ್ಚಿ, ದಿನಕ್ಕೆ ನಾಲ್ಕರಂತೆ, ತಮ್ಮ ಕಾಲನಿಯ ‘ಜ್ಞಾನಬುತ್ತಿ’ ಎಂಬ ವಾಟ್ಸಾಪ್ ಗುಂಪಿಗೆ ಬಡಿಸುತ್ತಿದ್ದರು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಲಿಂಕು, ಆಮೇಲೆ ಚಹಾ. ಪ್ರತಿ ಲಿಂಕಿನ ಕೆಳಗೆ ತಪ್ಪದೆ ಒಂದು ಸಾಲು ಇರುತ್ತಿತ್ತು: ‘ಕೊನೀ ಪ್ಯಾರಾ ತಪ್ಪದ ಓದ್ರಿ.’

ಕೊನೆಯ ಪ್ಯಾರಾನೇ ಯಾಕೆ ಎಂದು ನೀವು ಕೇಳಬಹುದು. ಮೊದಲನೆಯ ಪ್ಯಾರಾ ಹೊಗಳಿದರೆ ಯಾರಾದರೂ ಓದಿಬಿಡುವ ಅಪಾಯವಿದೆ. ಕೊನೆಯ ಪ್ಯಾರಾದವರೆಗೆ ಹೋಗುವ ಮನುಷ್ಯ ಇಡೀ ಧಾರವಾಡ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂಬುದು ರಾಯರ ದೃಢವಾದ ನಂಬಿಕೆಯಾಗಿತ್ತು. ಅವರಂತೂ ತಲೆಬರಹದಿಂದ ಕೆಳಗೆ ಇಳಿದವರೇ ಅಲ್ಲ. ಯಾರಾದರೂ ದಾರಿಯಲ್ಲಿ ನಿಲ್ಲಿಸಿ, “ರಾಯರ, ಈ ಕಪ್ಪು ರಂಧ್ರ ಅಂತಾರಲ್ಲ, ಅದೇನ್ರಿ?” ಎಂದು ಕೇಳಿದರೆ, ಕನ್ನಡಕದ ಮೇಲಿಂದ ನೋಡಿ, “ಹೋದ ವಾರ ಹಾಕೇನಲ್ಲ? ಓದಿಲ್ಲೇನು?” ಅನ್ನುತ್ತಿದ್ದರು. ಕೇಳಿದವನು ನಾಚಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದ. ಸಭೆಗಳಲ್ಲಿ ಅವರಿಗೆ ಮೊದಲ ಸಾಲಿನ ಕುರ್ಚಿ ಸಿಗತೊಡಗಿತು.

ಆದರೆ ಕೀರ್ತಿಗೂ ಒಂದು ಆಯುಸ್ಸು ಇರುತ್ತದೆ. ಈಚೆಗೆ ರಾಯರ ಲಿಂಕುಗಳಿಗೆ ಬೀಳುವ ಹೆಬ್ಬೆರಳುಗಳು ಕಡಿಮೆಯಾಗಿದ್ದವು. ಹಿಂದಿನ ಓಣಿಯ ಋತುಜಾ ಎಂಬವರು ದಿನಾ ಒಂದು ಗುಲಾಬಿ ಹೂವಿನ ಚಿತ್ರ ಹಾಕಿ ‘ಶುಭೋದಯ’ ಅಂದರೆ ಗುಂಪಿಗೆ ಗುಂಪೇ ಎದ್ದು ಕೈ ಮುಗಿಯುತ್ತಿತ್ತು. ಮೂರು ವರ್ಷದ ತಪಸ್ಸು ಒಂದು ಹೂವಿಗೆ ಸೋಲುವುದನ್ನು ಕಂಡು ರಾಯರಿಗೆ ತಡೆಯದಾಯಿತು. ಔಷಧ ನಾಟದಿದ್ದಾಗ ವೈದ್ಯರು ಮಾಡುವುದನ್ನೇ ಅವರೂ ಮಾಡಿದರು, ಪ್ರಮಾಣ ಏರಿಸಿದರು.

ಬುಧವಾರದ ಕಂತೆಯಲ್ಲಿ ಒಂದು ತಲೆಬರಹ ಸಿಕ್ಕಿತು: ‘ಅರವತ್ತು ದಾಟಿದ ಗಂಡಸು ಮಾಡಲೇಬೇಕಾದ ಒಂದೇ ಒಂದು ಕೆಲಸ.’ ಬರುವ ಐತವಾರ ರಾಯರಿಗೆ ಅರವತ್ತೊಂದು ತುಂಬುವುದಿತ್ತು. ದೇವರೇ ಕಳಿಸಿದ ಲಿಂಕು ಅಂದುಕೊಂಡು ಅವರು ಅದರ ಕೆಳಗೆ ಬರೆದರು: ‘ಕೊನೀ ಪ್ಯಾರಾ ತಪ್ಪದ ಓದ್ರಿ. ಅದು ನನ್ನ ಮನಸ್ಸಿನ ಮಾತು. ಐತವಾರ ಮುಂಜಾನೆ ಒಂಬತ್ತಕ್ಕ ನಮ್ಮ ಮನ್ಯಾಗ ನಾನೂ ಇದನ್ನ ಸುರು ಮಾಡಾಂವ ಇದ್ದೇನಿ.’

ಹೆಬ್ಬೆರಳುಗಳು ಸುರಿದವು. ಚಪ್ಪಾಳೆ, ದೀಪ, ಕಣ್ಣೀರು ಸುರಿಸುವ ಮುಖ, ಎಲ್ಲ ಬಂದವು. ‘ಇದಕ್ಕ ಗುಂಡಿಗಿ ಬೇಕ್ರಿ’ ಎಂದು ಒಬ್ಬರು. ‘ನಮ್ಮ ಕಾಲನಿಗೆ ಹೆಮ್ಮೆ’ ಎಂದು ಇನ್ನೊಬ್ಬರು. ಅಂದು ಗುಲಾಬಿ ಹೂವನ್ನು ಕೇಳುವವರಿರಲಿಲ್ಲ.

ರಾಯರು ಗೆದ್ದ ಸುಖದಲ್ಲಿ ಜೋಕಾಲಿಯ ಮೇಲೆ ಕೂತಿದ್ದಾಗ ಹೆಂಡತಿ ಮಂದಾಕಿನಿ ಚಹಾ ತಂದರು. ಅವರು ಟೆಲಿಫೋನ್ ಆಫೀಸಿನಲ್ಲಿದ್ದವರು. ಹರೆಯದಲ್ಲಿ ಹುಬ್ಬಳ್ಳಿಯ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿನ ಟ್ರಂಕ್ ಕಾಲ್ ಜೋಡಿಸಿದವರು. ಮನೆಯಲ್ಲಿ ಮಾತು ಕಡಿಮೆ. ಆದರೆ ಅಂದು ಚಹಾದ ಕಪ್ಪು ಕೊಟ್ಟು ಅಲ್ಲೇ ನಿಂತರು. ಕಣ್ಣು ಒದ್ದೆಯಾಗಿತ್ತು.

“ಖರೇನ ಮಾಡ್ತೀರಿ?” ಎಂದರು.

“ಏನನ್ನ?”

“ಮುಂಜಾನೆ ಬರದೀರಲ್ಲ, ಅದನ್ನ.”

ರಾಯರಿಗೆ ಆಗ ಹೊಳೆಯಿತು, ಗುಂಪಿನಲ್ಲಿ ತಮ್ಮ ಹೆಂಡತಿಯೂ ಇದ್ದಾಳೆಂದು. “ಮಾಡದ ಏನು? ಬರದೇನಂದ್ರ ಮಾಡಾಂವನ,” ಎಂದರು.

“ಒಂದ ತಾಸು ಆಗ್ತದೇನು ನಿಮ್ಮ ಕಡಿಂದ?”

“ಬೇಕಾದ್ರ ಎರಡು ತಾಸು.”

ಮಂದಾಕಿನಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇಷ್ಟ ವರ್ಷದ ಮ್ಯಾಲ ನಿಮ್ಮ ಬಾಯಾಗ ಈ ಮಾತು ಬಂತಲ್ಲ, ಸಾಕ್ರಿ. ಐತವಾರ ನೋಡೂಣ,” ಎಂದು ಒಳಗೆ ಹೋದರು. ಹೋಗುವಾಗ ಏನನ್ನೋ ಗುನುಗುತ್ತಿದ್ದರು.

ರಾಯರ ಕೈಯಲ್ಲಿದ್ದ ಚಹಾ ಆರಿತು. ಮದುವೆಯಾದಾಗಿನಿಂದ ಹೆಂಡತಿಯನ್ನು ಅವರು ಇಷ್ಟು ಸಂತೋಷವಾಗಿ ಕಂಡಿದ್ದು ಬಹಳ ಕಡಿಮೆ. ಆ ಸಂತೋಷ ಯಾವುದೋ ಒಂದು ಮಾತಿನ ಮೇಲೆ ನಿಂತಿದೆ, ಆ ಮಾತು ಕೊಟ್ಟವರು ತಾವೇ, ಆದರೆ ಅದು ಏನೆಂದು ತಮಗೊಬ್ಬರಿಗೇ ಗೊತ್ತಿಲ್ಲ. ಓದಿಲ್ಲ ಎಂದು ಹೇಳಿದರೆ ವಿದ್ವತ್ತು ಹೋಗುತ್ತದೆ. ಅದು ಹಾಳಾಗಿ ಹೋಗಲಿ, ಆ ಗುನುಗು ನಿಂತುಹೋಗುತ್ತದೆ. ರಾಯರಿಗೆ ನಿಜವಾಗಿ ಹೆದರಿಕೆಯಾಯಿತು. ಅಂದು ರಾತ್ರಿಯವರೆಗೆ ಹೆಂಡತಿ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗಿ ಆಕೆಯ ಮುಖ ನೋಡಿದರು.

ಲಿಂಕು ಒತ್ತಿ ಓದಿಬಿಟ್ಟರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ರಾಯರಿಗೂ ಅನ್ನಿಸಿತು, ಆದರೆ ಗುರುವಾರ. ಆ ಪತ್ರಿಕೆಯವರು ಲೇಖನವನ್ನು ಮೊದಲ ದಿನ ಪುಕ್ಕಟೆ ಕೊಟ್ಟು, ಮರುದಿನದಿಂದ ಬಾಗಿಲು ಹಾಕುವವರು. ಎರಡು ಸಾಲು ಕಂಡಿತು, ಅದರ ಕೆಳಗೆ ಮಂಜು ಮುಸುಕಿದಂತಾಗಿ, ಮುಂದೆ ಓದಲು ಚಂದಾದಾರರಾಗಿ ಎಂಬ ಅಪ್ಪಣೆ ಬಂತು. ಆ ಎರಡು ಸಾಲಿನಲ್ಲಿ ಬರೆದವನ ಊರಿನಲ್ಲಿ ಆ ದಿನ ಹಿಮ ಬಿದ್ದಿತ್ತು ಅನ್ನುವುದಷ್ಟೇ ಇತ್ತು.

ರಾಯರು ಕಪಾಟಿನಿಂದ ಬ್ಯಾಂಕಿನ ಕಾರ್ಡು ತೆಗೆದು, ಬಾಗಿಲು ಮುಂದೆ ಮಾಡಿ, ಒಂದೊಂದೇ ಅಂಕೆ ಒತ್ತಿದರು. ಕೊನೆಗೆ ಓಟಿಪಿ ಕಳಿಸಿದ್ದೇವೆ ಎಂದಿತು ಪರದೆ. ಕಳಿಸಿತ್ತು, ನಿಜ. ಆದರೆ ಖಾತೆಗೆ ಜೋಡಿಸಿದ ನಂಬರು ಮಂದಾಕಿನಿಯವರದು.

“ಏನ್ರಿ!” ಎಂದು ಅಡುಗೆಮನೆಯಿಂದ ಕೂಗು ಬಂತು. “ಯಾರೋ ನಿಮ್ಮ ಕಾರ್ಡಿಗೆ ಕೈ ಹಾಕ್ಯಾರ! ಓಟಿಪಿ ಬಂದದ!”

ಕಾರ್ಡನ್ನು ಕೈಯಲ್ಲೇ ಹಿಡಿದಿದ್ದ ರಾಯರು, “ಹೌದ? ಯಾರಿರಬಹುದು?” ಎಂದರು.

“ಯಾರರ ಇರಲಿ. ನಾ ಈಗಿಂದೀಗ ಬಂದ ಮಾಡಸ್ತೇನಿ.”

ಮಂದಾಕಿನಿ ಬ್ಯಾಂಕಿಗೆ ಫೋನು ಹಚ್ಚಿದರು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಎಲ್ಲರನ್ನೂ ಅಲೆಸುವ ಆ ಯಂತ್ರ ಕೂಡ ಅವರ ಆಫೀಸಿನ ಧ್ವನಿಗೆ ಬೆದರಿ ನೇರವಾಗಿ ಒಬ್ಬ ಮನುಷ್ಯನನ್ನು ಒದಗಿಸಿತು. ಐದು ನಿಮಿಷದಲ್ಲಿ ಕಾರ್ಡು ಸತ್ತಿತು. “ದೇವರ ದೊಡ್ಡಾಂವ, ರೊಕ್ಕ ಉಳೀತು,” ಎಂದು ಅವರು ಮತ್ತೆ ಹೀರೇಕಾಯಿ ಹೆರೆಯಲು ಕೂತರು.

ಉಳಿದದ್ದು ಒಂದೇ ದಾರಿ, ಉಪಾಯವಾಗಿ ಕೇಳಿ ತಿಳಿಯುವುದು. ರಾಯರು ಎದುರು ಮನೆಯ ಸ್ಯಾಮ್ಯುಯೆಲ್ ಮಾಸ್ತರರ ಗೇಟಿಗೆ ಹೋದರು. ಮಾಸ್ತರರು ಮಿಷನ್ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದವರು. ರಾಯರ ಪ್ರತಿ ಲಿಂಕಿಗೂ ಮೊದಲ ಹೆಬ್ಬೆರಳು ಅವರದೇ.

“ಮಾಸ್ತರ, ನಿನ್ನೀದು ಓದಿದ್ರೇನು? ಕೊನೀ ಪ್ಯಾರಾ ಹೆಂಗನಸ್ತು?”

ಮಾಸ್ತರರು ಕೈಯಲ್ಲಿದ್ದ ನೀರಿನ ಪೈಪು ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟರು. “ಏನ್ ಹೇಳ್ಲಿ ರಾಯರ. ಅಂಥಾದ್ದನ್ನ ಬಾಯಿಲೆ ಹೇಳಾಕ ಬರೂದಿಲ್ಲ.”

“ಹೇಳ್ರಿ, ಹೇಳ್ರಿ. ನಿಮ್ಮ ಮಾತಿನಾಗ ಕೇಳೂಣು.”

“ರಾತ್ರಿ ನಮ್ಮ ಮನಿಯಾಕಿ ಗ್ರೇಸ್‌ಗೂ ಹೇಳಿದೆ, ನಾನೂ ರಾಯರಂಗ ಮಾಡ್ತೇನಿ ಅಂತ. ಆಕಿ ಬ್ಯಾಡ ಅಂತ ಅತ್ತಬಿಟ್ಲು. ಹೆಂಗಸರ ಮನಸ್ಸು ನೋಡ್ರಿ. ನಿಮ್ಮನಿಯವ್ರು ಒಪ್ಪ್ಯಾರೇನು?”

“ಒಪ್ಯಾಳ. ಖುಷಿಯಾಗ್ಯಾಳ.”

“ಖುಷಿಯಾಗ್ಯಾರ?” ಮಾಸ್ತರರು ರಾಯರನ್ನು ಕನಿಕರದಿಂದ ನೋಡಿದರು. “ಇರಲಿ, ಇರಲಿ. ನಮ್ಮ ಹಳೇ ವಿದ್ಯಾರ್ಥಿ ಒಬ್ಬಾಂವ ಅದಾನ, ಜೆಫ್ರಿ ಅಂತ. ಅವನ ಆಫೀಸ ಕೆಲಸನ ಇದು. ನಾಳೆ ಕರಕೊಂಡ ಬರ್ತೇನಿ.”

ಗ್ರೇಸ್ ಬಾಯಿಯವರು ಅಳುವಂಥ, ಮಂದಾಕಿನಿ ಹಾಡುವಂಥ ಕೆಲಸ ಯಾವುದು? ರಾಯರು ಮತ್ತೆ ಹೆಂಡತಿಯ ಮುಖದಲ್ಲೇ ಉತ್ತರ ಹುಡುಕತೊಡಗಿದರು. ಆಕೆ ತುಳಸಿಗೆ ನೀರು ಹಾಕಿದರೆ ಇವರು ತುಳಸಿಯ ಹಿಂದೆ. ಆಕೆ ರೊಟ್ಟಿ ಬಡಿದರೆ ಇವರು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಆಕೆ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ ಎಂಬ ಲೆಕ್ಕ.

“ಮಂದಾ, ನೀ ಚಸ್ಮಾ ಯಾವಾಗ ಬದಲಸಿದಿ?” ಎಂದರು ಒಮ್ಮೆ.

“ಹೋದ ದಸರಾಕ್ಕ.”

“ಛಲೋ ಕಾಣಸ್ತದ. ಅಲ್ಲಾ, ಐತವಾರಕ್ಕ ಏನರ ಸಾಮಾನು ತರೂದದ ಏನು?”

“ಬಜಾರದಾಗ ಸಿಗೂ ವಸ್ತು ಅಲ್ಲದು,” ಎಂದು ಮಂದಾಕಿನಿ ರೊಟ್ಟಿ ತಿರುವಿದರು. ಯಾಕೋ ತುಟಿಯ ಅಂಚಿನಲ್ಲಿ ನಗೆ ಇತ್ತು. ರಾಯರು ಅದನ್ನೂ ನೋಡಿಟ್ಟುಕೊಂಡರು.

ಶುಕ್ರವಾರ ಮಾಸ್ತರರು ಜೆಫ್ರಿಯನ್ನು ಕರೆತಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಬಹಳ ಮೆಲ್ಲನೆ ಮಾತಾಡುವ ಮನುಷ್ಯ. ಬಂದವನೇ ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತೃಪ್ತಿಯಿಂದ ತಲೆಯಾಡಿಸಿದ.

“ಸರ, ನಿಮ್ಮಂಥಾವ್ರು ಮುಂದ ಬರೂದು ಬಾಳ ಅಪರೂಪ್ರಿ. ನಮ್ಮ ಕಾಲೇಜಿನ ಹುಡುಗರಿಗೆ ಬಾಳ ಅನುಕೂಲ ಆಗ್ತೈತಿ.”

“ಹುಡುಗರಿಗೆ?” ರಾಯರ ಮುಖ ಅರಳಿತು. ಅರವತ್ತು ದಾಟಿದವನು ಮಾಡಬೇಕಾದ ಕೆಲಸ ವಿದ್ಯಾದಾನ! ಛೆ, ಇಷ್ಟು ಸರಳವಾದದ್ದು ಹೊಳೆಯಲಿಲ್ಲವಲ್ಲ. “ಯಾವ ಕ್ಲಾಸಿನ ಹುಡುಗರು?”

“ಫಸ್ಟ್ ಇಯರ್ ಎಂಬಿಬಿಎಸ್ ರಿ. ಬಾಳ ಗೌರವದಿಂದ ನೋಡಕೋತಾರ್ರಿ. ಮೊದಲನೇ ದಿನಾ ಹೂ ಹಾಕಿ ನಮಸ್ಕಾರ ಮಾಡ್ತಾರ.”

“ಆಗಲಿ, ಆಗಲಿ. ಗುರುಭಕ್ತಿ ಇನ್ನೂ ಉಳದದ ಅಂದಂಗಾತು. ಐತವಾರದಿಂದನ ಬಂದಬಿಡ್ಲೇನು?”

ಜೆಫ್ರಿ ಗಾಬರಿಯಾದ. “ಅಯ್ಯ, ಹಂಗನಬ್ಯಾಡ್ರಿ ಸರ! ಅವಸರ ಏನೂ ಇಲ್ಲ. ದೇವರು ಕರದಾಗ ಬಂದ್ರಾತು.”

“ದೇವರ ಯಾಕ ಕರೀಬೇಕು, ನೀವ ಕರದ್ರ ಬರ್ತೇನಿ. ದಿನಕ್ಕ ಒಂದ ತಾಸು ಸಾಕೇನು?”

“ಒಂದ ತಾಸು ಎಲ್ಲಿದು ಸರ? ಬಂದ್ರಂದ್ರ ವರ್ಷಾನುಗಟ್ಟಲೆ ಅಲ್ಲೇ ಇಟಗೋತೀವಿ.”

“ಅಲ್ಲೇ? ಹಂಗಾದ್ರ ಊಟದ ವ್ಯವಸ್ಥಾ?”

ಜೆಫ್ರಿ ಮಾಸ್ತರರ ಮುಖ ನೋಡಿದ. ಮಾಸ್ತರರು ನೆಲ ನೋಡಿದರು. “ಸರ,” ಎಂದ ಜೆಫ್ರಿ ಇನ್ನೂ ಮೆಲ್ಲಗೆ, “ದೇಹದಾನ ಮಾಡಿದ ಮ್ಯಾಲ ಊಟದ ಪ್ರಶ್ನೆ ಬರೂದಿಲ್ರಿ.”

ರಾಯರು ಜೋಕಾಲಿಯ ಮೇಲೆ ಕೂತುಬಿಟ್ಟರು. ಜೆಫ್ರಿ ಮತ್ತೊಮ್ಮೆ ಅವಸರವಿಲ್ಲ ಎಂದು ಭರವಸೆ ಕೊಟ್ಟು, ಎತ್ತರ ಎಷ್ಟೆಂದು ಸುಮ್ಮನೆ ಕೇಳಿಕೊಂಡು, ಕೈ ಮುಗಿದು ಹೊರಟ. ಅವರು ಹೋದ ಮೇಲೆ ರಾಯರು ಅಡುಗೆಮನೆಗೆ ಹೋಗಿ, ಆದಷ್ಟು ಸಹಜವಾದ ಧ್ವನಿಯಲ್ಲಿ ಕೇಳಿದರು.

“ಮಂದಾ, ಐತವಾರದ್ದು... ನೋವಾಗ್ತದೇನು?”

ಮಂದಾಕಿನಿ ಒಲೆಯ ಉರಿ ಸಣ್ಣ ಮಾಡಿದರು. “ನಿಮಗ ರೂಢಿ ಇಲ್ಲಲ್ಲ. ಮೊದಲ ಮೊದಲ ಸ್ವಲ್ಪ ಆಗಬಹುದು.”

ಅಂದು ರಾಯರಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಕೇದಾರ ನಿಂತಿದ್ದ. ಕೇದಾರನೆಂದರೆ ವಾರ್ಡಿನ ಪುಢಾರಿ. ಮಹಾನಗರ ಪಾಲಿಕೆಯ ಮುಂದಿನ ಚುನಾವಣೆಗೆ ಈಗಿನಿಂದಲೇ ಎಲ್ಲರ ಮನೆಯ ಮದುವೆ-ಮುಂಜಿಗೆ ಹಾಜರಿ ಹಾಕುತ್ತಿದ್ದವನು. ಎಂದೂ ಒಬ್ಬನೇ ಬಾರದವನು ಅಂದು ಒಬ್ಬನೇ ಬಂದು, ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಬಂದಿದ್ದ.

“ಕಾಕಾ, ಇದನ್ನ ನೀವು ಮಾಡಬಾರದಿತ್ತು,” ಎಂದ.

“ಏನಪಾ ಅದು?”

“ಗೊತ್ತಿಲ್ಲದಂಗ ಮಾಡಬ್ಯಾಡ್ರಿ. ನಾಳೆ ಒಂಬತ್ತಕ್ಕ ಮನ್ಯಾಗ ಸುರು ಮಾಡ್ತೇನಿ ಅಂತ ಬರದೀರಿ. ಇಡೀ ಕಾಲನಿ ನಿಮ್ಮ ಹಿಂದ ಐತಿ. ಅರವತ್ತ ದಾಟಿದ ಮ್ಯಾಲ ಸಮಾಜ ಸೇವಾ ಮಾಡಬೇಕು, ಖರೇ. ಅದಕ್ಕ ಎಲೆಕ್ಷನ್ನಿಗೇ ನಿಂದ್ರಬೇಕೇನು? ನೀವು ಪಕ್ಷೇತರ ನಿಂತ್ರ ನನ್ನ ಓಟು ಒಡೀತಾವ ಕಾಕಾ.”

ದೇಹದಾನಕ್ಕಿಂತ ಇದು ವಾಸಿ ಎಂದು ರಾಯರ ಮನಸ್ಸಿಗೆ ಬಂತು. “ಕೇದಾರಾ, ನೀನು ಆ ಕೊನೀ ಪ್ಯಾರಾ ಓದಿದೇನು?”

“ಓದದ ಬಿಡ್ತೇನೇನ್ರಿ? ಎರಡ ಸರ್ತೆ ಓದೇನಿ,” ಎಂದ ಕೇದಾರ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ. “ಈಗ ನಿಮಗೇನ ಬೇಕು ಹೇಳ್ರಿ. ಗಟಾರದ ಮ್ಯಾಲಿನ ಹಾಸಗಲ್ಲು? ಬೀದಿ ದೀಪ?”

ರಾಯರು ಸುಮ್ಮನಿದ್ದರು. ಪುಢಾರಿಗಳ ಮುಂದೆ ಮೌನ ಎಂಥ ಅಸ್ತ್ರವೆಂಬುದು ಅವರಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಟಾರದ ಒಡೆದ ಹಾಸುಗಲ್ಲು ಬದಲಾಯಿತು, ಸಂಜೆಗೆ ಬೀದಿ ದೀಪ ಹತ್ತಿತು. ವರ್ಷಗಟ್ಟಲೆ ಅರ್ಜಿ ಬರೆದರೂ ಆಗದ ಕೆಲಸ ಯಾರೂ ಓದದ ಒಂದು ಲೇಖನದಿಂದ ಆಯಿತು. ಸಾಹಿತ್ಯದಿಂದ ಸಮಾಜಕ್ಕೇನು ಲಾಭ ಎಂದು ಕೇಳುವವರು ಇದನ್ನು ಗಮನಿಸಬೇಕು.

ಆ ಹೊಸ ದೀಪದ ಬೆಳಕಿನಲ್ಲೇ ಒಂದು ಕಾರು ಬಂದು ನಿಂತಿತು. ಅದರಿಂದ ಇಳಿದವನು ರಮಾಕಾಂತ, ಮಂದಾಕಿನಿಯವರ ತಮ್ಮ; ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟವನು. ಅವನು ಗುಂಪಿನಲ್ಲಿರಲಿಲ್ಲ, ಆದರೆ ಗುಂಪಿನಲ್ಲಿದ್ದ ಯಾರದೋ ಬೀಗರು ಅವನ ಗಿರಾಕಿಯಾಗಿದ್ದರು. ಸುದ್ದಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ದಾರಿಯಲ್ಲೇ ಬೆಳೆದಿತ್ತು.

“ಭಾವಾ, ಸನ್ಯಾಸ ತಗೋಳ್ಳೂದಿದ್ರ ಮೊದಲ ಹೇಳಬೇಕೋ ಬ್ಯಾಡೋ? ನಮ್ಮ ಅಕ್ಕನ ಗತಿ ಏನು?”

“ಯಾರ ಹೇಳಿದ್ರು ನಿನಗ ಸನ್ಯಾಸ ಅಂತ?”

“ಊರಿಗೆ ಊರ ಹೇಳಲಿಕತ್ತದ. ಅರವತ್ತ ದಾಟಿದಾಂವಗ ನಮ್ಮ ಸಂಸ್ಕೃತಿಯೊಳಗ ಮತ್ತೇನದ? ವಾನಪ್ರಸ್ಥ! ನೀವು ಯಾವ ಕಾಡಿಗರ ಹೋಗ್ರಿ, ನಾ ಅಕ್ಕನ್ನ ಕರಕೊಂಡ ಹೋಗಾಂವ.” ಅವನು ಒಳಗೆ ನುಗ್ಗಿದ. ಮಂದಾಕಿನಿ ಒಲೆಯ ಮುಂದೆ ನಿಂತು ಹಾಡಿಕೊಳ್ಳುತ್ತ ರವೆ ಹುರಿಯುತ್ತಿದ್ದರು. “ಅಕ್ಕಾ! ಗಂಡ ಮನಿ ಬಿಟ್ಟ ಹೊಂಟಾನ, ನೀ ಶಿರಾ ಮಾಡಲಿಕತ್ತೀಯಲ್ಲ?”

“ನಾಳೆ ಮಂದಿ ಬರ್ತಾರ,” ಎಂದರು ಮಂದಾಕಿನಿ. “ನೀನೂ ಇರು. ಎರಡ ಗೋಡಂಬಿ ಹೆಚ್ಚಿಗಿ ಹಾಕ್ತೇನಿ.”

ರಮಾಕಾಂತ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಪಡಸಾಲೆಯಲ್ಲೇ ಕಾವಲು ಕೂತ.

ಐತವಾರ ಒಂಬತ್ತಕ್ಕೆ ಮನೆಯ ಮುಂದೆ ಜಾತ್ರೆ ನೆರೆದಿತ್ತು. ಕೇದಾರ ಒಂದು ಹಾರ ಹಿಡಿದಿದ್ದ. ರಾಯರು ನಿಲ್ಲುವುದಿಲ್ಲ ಅಂದ ತಕ್ಷಣ ಹಾಕಲು. ಸ್ಯಾಮ್ಯುಯೆಲ್ ಮಾಸ್ತರರು ಚರ್ಚಿಗೆ ಹೋಗುವ ಕೋಟು ತೊಟ್ಟು, ಜೆಫ್ರಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಬಂದಿದ್ದರು. ಋತುಜಾ ಅವರು ನಿಜವಾದ ಗುಲಾಬಿ ಹೂವನ್ನೇ ತಂದಿದ್ದರು. ಉಳಿದವರು ಫೋನು ಮೇಲೆತ್ತಿ ವಿಡಿಯೊ ಸಿದ್ಧ ಮಾಡಿಕೊಂಡಿದ್ದರು. ರಾಯರು ಮೆಟ್ಟಿಲ ಮೇಲೆ ಹೊಸ ಧೋತರ ಉಟ್ಟು ನಿಂತಿದ್ದರು. ಏನನ್ನು ಸುರು ಮಾಡಬೇಕೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಯಾರಾದರೂ ಕೈ ಹಿಡಿದು ಒಂದು ಕಡೆಗೆ ಎಳೆದಿದ್ದರೆ ಅವರು ಅಂದು ಸನ್ಯಾಸಕ್ಕೂ ಹೋಗುತ್ತಿದ್ದರು.

ಮಂದಾಕಿನಿ ಇಳಕಲ್ಲ ಸೀರೆಯುಟ್ಟು ಹೊರಗೆ ಬಂದು ಹೊಸ್ತಿಲಲ್ಲಿ ನಿಂತರು. ಅವರ ಹಿಂದಿನಿಂದ ತುಪ್ಪ, ಏಲಕ್ಕಿಯ ವಾಸನೆಯೂ ಬಂತು.

“ಎಲ್ಲಾರೂ ಬಂದದ್ದು ಬಾಳ ಛಲೋ ಆತ್ರಿ. ಶಿರಾ ಉಪ್ಪಿಟ್ಟು ಮಾಡೇನಿ, ಒಳಗ ಬರ್ರಿ. ಆದ್ರ ಒಂದ ಮಾತು. ಇವ್ರು ಹಾಕಿದ್ದನ್ನ ನೀವೆಲ್ಲಾರೂ ಓದೇ ಓದೀರಿ. ಹೊಸ್ತಿಲಾ ದಾಟೂ ಮುಂದ ಕೊನೀ ಪ್ಯಾರಾದಾಗ ಏನಿತ್ತು ಅಂತ ನನ್ನ ಕಿವಿಯಾಗ ಹೇಳಿ ಬರ್ರಿ. ಅಷ್ಟ ಸಾಕು.”

ಒಬ್ಬರೂ ಅಲುಗಲಿಲ್ಲ. ಮೇಲೆತ್ತಿದ್ದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ಮುಂದಿದ್ದವರು, “ಮೊದಲ ನೀವು ಹೋಗ್ರಿ,” ಎಂದು ಹಿಂದಿದ್ದವರಿಗೆ ದಾರಿ ಬಿಟ್ಟರು. ಹಿಂದಿದ್ದವರು, “ಇಲ್ಲಿಲ್ಲ, ನೀವು ಹಿರ್‍ಯಾರು,” ಎಂದರು. ಧಾರವಾಡದ ಮರ್ಯಾದೆ ಅಂದು ಎಲ್ಲರ ಮಾನ ಕಾಯಿತು. ಮಾಸ್ತರರು ಗಡಿಯಾರ ನೋಡಿ, “ಚರ್ಚಿನ ಗಂಟಿ ಆತಲ್ಲ ಜೆಫ್ರಿ?” ಎಂದರು. ಕೇದಾರನ ಫೋನು ರಿಂಗಾಗದೆಯೇ ಅವನು, “ಹಲೋ, ಬಂದ್ನಿ ಬಂದ್ನಿ,” ಎನ್ನುತ್ತ ಹಾರದ ಸಮೇತ ಹೊರಟ. ಋತುಜಾ ಅವರು ಗುಲಾಬಿಯನ್ನು ಕಂಪೌಂಡಿನ ಮೇಲಿಟ್ಟು ಮಾಯವಾದರು. ನೋಡುವಷ್ಟರಲ್ಲಿ ಅಂಗಳ ಖಾಲಿ.

“ನಾ ಗುಂಪಿನಾಗ ಇಲ್ಲಕ್ಕಾ, ನನಗ ಈ ಕಾಯದೆ ಬರೂದಿಲ್ಲ,” ಎಂದು ರಮಾಕಾಂತ ನೇರ ಅಡುಗೆಮನೆಗೆ ಹೋಗಿ ತಾಟು ತೆಗೆದುಕೊಂಡ.

ರಾಯರು ಮಾತ್ರ ಮೆಟ್ಟಿಲ ಮೇಲೇ ಉಳಿದರು. ಹೊಸ್ತಿಲು ಅವರದೇ, ಅವರ ತಂದೆ ಹಾಕಿಸಿದ್ದು. ಮನೆಯ ಯಜಮಾನನನ್ನು ಯಾರು ತಡೆಯುತ್ತಾರೆ? ನಗುತ್ತ ಒಳಗೆ ಹೋಗಿಬಿಡಬಹುದಿತ್ತು. ಆದರೆ ಮಂದಾಕಿನಿ ಬಾಗಿಲ ಚೌಕಟ್ಟಿಗೆ ಒರಗಿ, ಕಿವಿಯನ್ನು ಸ್ವಲ್ಪ ಮುಂದೆ ಮಾಡಿ, ಕಾಯುತ್ತ ನಿಂತಿದ್ದರು. ಆ ಮುಖವನ್ನು ನಾಲ್ಕು ದಿನದಿಂದ ನೋಡಿ ನೋಡಿ ರಾಯರಿಗೆ ಅದಕ್ಕೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಎರಡು ಮೆಟ್ಟಿಲು ಹತ್ತಿ, ಕಿವಿಯ ಹತ್ತಿರ ಬಾಗಿದರು.

“ಮಂದಾ, ನಾ ಓದಿಲ್ಲ.”

“ಯಾವುದನ್ನ?”

“ಇದನ್ನ.”

ಆಕೆ ಕಿವಿ ಹಿಂದೆ ತೆಗೆಯಲಿಲ್ಲ. ರಾಯರು ಇನ್ನಷ್ಟು ಬಾಗಿದರು. “ಯಾವುದನ್ನೂ.”

ಇನ್ನು ಆ ಮುಖ ಬಾಡುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡರು. ಬಾಡಿದ ಸದ್ದೇನೂ ಬರಲಿಲ್ಲ. ತೆರೆದು ನೋಡಿದರೆ ಮಂದಾಕಿನಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

“ಒಳಗ ಬರ್ರಿ,” ಎಂದರು. “ಗುರುವಾರನ ಗೊತ್ತಾತು ನನಗ. ಓಟಿಪಿ ಜೋಡಿ ಆ ಪತ್ರಿಕಿ ಹೆಸರೂ ಬಂದಿತ್ತು. ಓದಿದಾಂವ ರೊಕ್ಕಾ ಕೊಟ್ಟ ಮತ್ತೊಮ್ಮೆ ಯಾಕ ಓದ್ತಾನ?”

“ಗೊತ್ತಿದ್ದೂ ಕಾರ್ಡ್ ಬಂದ ಮಾಡಿಸಿದೇನು?”

“ಮಾಡಿಸಿದೆ.”

“ಯಾಕ?”

ಮಂದಾಕಿನಿ ಜೋಕಾಲಿಯ ಒಂದು ತುದಿಗೆ ಕೂತರು. “ಬುಧವಾರದಿಂದನ ಮನ್ಯಾಗ ಹಿಂದ ಹಿಂದ ಅಡ್ಡಾಡಿ ನನ್ನ ಮಾರಿ ನೋಡಲಿಕತ್ತಿದ್ರಿ. ಮುಂದ ಚಸ್ಮಾ ಬದಲಸಿದ್ದೂ ಕಾಣಸ್ತು ನಿಮಗ. ಲೇಖನಾ ಓದಿಬಿಟ್ಟಿದ್ರ, ನೋಡೂದು ಬಿಡ್ತಿದ್ರಿ.”

ರಾಯರು ಬಂದು ಇನ್ನೊಂದು ತುದಿಗೆ ಕೂತರು. ಒಳಗಿನಿಂದ ರಮಾಕಾಂತ ತಾಟು ಕೆರೆಯುವ ಸದ್ದು ಬರುತ್ತಿತ್ತು.

“ಅದರಾಗ ಏನಿತ್ತು, ಈಗರ ಹೇಳು.”

“ಏನಿಲ್ಲ. ಅರವತ್ತ ದಾಟಿದಾಂವ ವಾರಕ್ಕ ಒಂದ ತಾಸು ಫೋನ ಬಂದ ಮಾಡಿ, ಹೆಂಡತಿ ಎದುರಿಗೆ ಕೂತು, ನಡುವ ಬಾಯಿ ಹಾಕಲಾರದ ಆಕಿ ಹೇಳೂದನ್ನ ಕೇಳಬೇಕಂತ. ಅಷ್ಟ.”

“ಅಷ್ಟನ? ನಾ ಹೆಣಾ ಆಗೂ ತನಕಾ ಹೋಗಿ ಬಂದ್ನಲ್ಲ!”

“ಬಾಯಿ ಹಾಕಬಾರದು ಅಂತದ.”

ರಾಯರು ಫೋನು ತೆಗೆದು ಆರಿಸಲು ಹೋದರು. ಅದನ್ನು ಕೊಂಡಾಗಿನಿಂದ ಒಮ್ಮೆಯೂ ಆರಿಸಿದವರಲ್ಲವಾದ್ದರಿಂದ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ, ಕೊನೆಗೆ ಮಂದಾಕಿನಿಯೇ ಆರಿಸಿಕೊಟ್ಟರು. ಆಮೇಲೆ ಆಕೆ ಮಾತಾಡಿದರು. ಕೊನೆಯ ಪ್ಯಾರಾದವರೆಗೆ ಹೋಗುವ ಮನುಷ್ಯ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದು ರಾಯರು ನಂಬಿದ್ದರಷ್ಟೆ? ಆ ಮನುಷ್ಯ ಉಪ್ಪಿನಬೆಟಗೇರಿಯಲ್ಲಿ ಹುಟ್ಟಿ, ಅವರ ಮನೆಯಲ್ಲೇ ಇದ್ದಳು. ಮೂರು ವರ್ಷದ ಲಿಂಕುಗಳನ್ನೆಲ್ಲ ಆಕೆ ಓದಿದ್ದರು. ತಿಮಿಂಗಿಲಗಳು ಹಾಡುತ್ತವೆ, ಒಂದು ಸಮುದ್ರದ ಹಾಡನ್ನು ಮುಂದಿನ ಸಮುದ್ರದವು ಕೇಳಿ ಕಲಿಯುತ್ತವೆ ಎಂದು ಹೇಳಿದರು. “ನಮ್ಮ ಹಾಡೂ ಮಂದಿ ಘರಾಣೆ ಬ್ಯಾರೆ ಅಂತ ಮಾತ ಬಿಡ್ತಾರ, ಆ ಮೀನ ವಾಸಿ,” ಎಂದರು.

“ತಿಮಿಂಗಿಲ ಮೀನಲ್ಲ...” ಎಂದು ರಾಯರು ಬಾಯಿ ತೆರೆದು, ನೆನಪಾಗಿ, ಮುಚ್ಚಿಕೊಂಡರು. ಮೊದಮೊದಲು ಸ್ವಲ್ಪ ನೋವಾಗುವುದು ನಿಜವೇ.

ಆಕೆ ಯಾವುದೋ ದೂರದ ದೇಶದ ಚುನಾವಣೆಯ ಬಗ್ಗೆ ಸಿಟ್ಟಾದರು, ಕಪ್ಪು ರಂಧ್ರವನ್ನು ಒಗ್ಗರಣೆ ಸೌಟು ಹಿಡಿದು ತಿಳಿಸಿದರು. ತಾವೇ ಜಗತ್ತಿಗೆಲ್ಲ ಹಂಚಿದ ಬುತ್ತಿಯಲ್ಲಿ ಇಷ್ಟೆಲ್ಲ ಇತ್ತೇ ಎಂದು ರಾಯರು ಬೆರಗಾಗಿ ಕೂತರು. ಒಂದು ತಾಸು ಯಾವಾಗ ಕಳೆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಕೊನೆಗೆ ಮಂದಾಕಿನಿ ಹೇಳಿದರು. “ಸಾಲದ್ದಕ್ಕ ಇನ್ನೊಂದು. ನೀವು ಮುಂಜಾನೆ ಊರಿಗೆಲ್ಲಾ ಕಳಸ್ತಿದ್ರಿ. ನಾ ಕೂತ ಓದ್ತಿದ್ದೆ. ಮಧ್ಯಾಹ್ನ ಊಟಕ್ಕ ಕೂತಾಗ ‘ಹೆಂಗನಸ್ತು ಮಂದಾ’ ಅಂತ ಕೇಳ್ತೀರಿ ಅಂತ ದಿನಾ ಕಾಯ್ತಿದ್ದೆ. ನೀವು ಚಟ್ನಿ ಕೇಳ್ತಿದ್ರಿ.”

ರಾಯರು ಬಾಯಿ ಹಾಕಲಿಲ್ಲ. ಎದ್ದು ಹೋಗಿ, ಕಂಪೌಂಡಿನ ಮೇಲೆ ಉಳಿದಿದ್ದ ಗುಲಾಬಿಯನ್ನು ತಂದು ಆಕೆಯ ಕೈಗೆ ಕೊಟ್ಟು, ಮತ್ತೆ ಕೂತರು. ಕಣ್ಣು ಅವರದೂ ಒದ್ದೆಯಾಗಿತ್ತು.

ಸೋಮವಾರ ಬೆಳಿಗ್ಗೆ ಜ್ಞಾನಬುತ್ತಿಗೆ ನಾಲ್ಕರ ಬದಲು ಒಂದೇ ಲಿಂಕು ಬಂತು. ಅದರ ಕೆಳಗೆ ರಾಯರು ಬರೆದಿದ್ದರು: ‘ಇದನ್ನ ನಾ ಓದಿಲ್ಲ, ನಮ್ಮ ಮನಿಯವ್ರು ನೋಡ್ಯಾರ. ಇದರಾಗ ಒಂದೂ ಪ್ಯಾರಾ ಇಲ್ಲ. ಬರೇ ತಿಮಿಂಗಿಲದ ಹಾಡು ಅದ, ಕೇಳ್ರಿ.’

ಒಂದು ನಿಮಿಷವೂ ಆಗಿರಲಿಲ್ಲ, ಎದುರು ಮನೆಯಿಂದ ಉತ್ತರ ಬಂತು. ‘ಅದ್ಭುತ ರಾಯರ,’ ಎಂದು ಬರೆದಿದ್ದರು ಸ್ಯಾಮ್ಯುಯೆಲ್ ಮಾಸ್ತರರು. ‘ಕೊನೀ ಪ್ಯಾರಾ ಅಂತೂ ಕಣ್ಣು ತೆರೆಸಿತು.’

ರಾಯರು ಚಹಾ ಸೋಸುತ್ತಿದ್ದ ಹೆಂಡತಿಯನ್ನು ಕರೆದು, ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದರು. ಫೋನಿನಲ್ಲಿ ಬಂದದ್ದನ್ನು ಅವರು ಪೂರ್ತಿ ಓದಿದ್ದು ಅದೇ ಮೊದಲು.